ಗರಿಗರಿ ಕಡ್ಲಿಯ ನೀರಿನ ಲೆಕ್ಕ

ವಿಜಯಪುರ ನಗರದಿಂದ ಅಥಣಿ ರಸ್ತೆ ಹಿಡಿದು ಹೊರಟರೆ ಮೊದಲು ಸಿಗುವ ದೊಡ್ಡ ಊರು ತಿಕೋಟಾ. ಸುತ್ತ ದ್ರಾಕ್ಷಿ ತೋಟಗಳು, ಮಣೂಕ ಒಣಗಿಸುವ ಶೆಡ್ಡುಗಳು. ದಕ್ಷಿಣಕ್ಕೆ ಬಬಲೇಶ್ವರದ ಕಡೆ ಹೊರಳಿದರೆ ಎರಿ ಭೂಮಿ ಶುರುವಾಗುತ್ತದೆ. ಮಳೆಗಾಲ ಕಳೆಯುತ್ತ ಬಂದಾಗ ಇಲ್ಲಿ ಹಿಂಗಾರಿ ಬಿತ್ತನೆಗೆ ಕೂರಿಗೆಗಳು ಇಳಿಯುತ್ತವೆ: ಬಿಳಿಜೋಳ, ಕುಸುಬಿ, ಕಡ್ಲಿ.

ಬಿತ್ತಿದ ಮೇಲೆ ಕಡ್ಲಿಗೆ ಮಳೆ ಬೇಕೇಬೇಕೆಂದಿಲ್ಲ. ದಖ್ಖನಿನ ಕಪ್ಪುಕಲ್ಲು ಸವೆದು ಹುಟ್ಟಿದ ಈ ಮಣ್ಣಿನಲ್ಲಿ ಮಾಂಟ್‌ಮೊರಿಲ್ಲೊನೈಟ್ ಎಂಬ ಜೇಡಿ ಖನಿಜ ಹೇರಳವಾಗಿದೆ. ಅದರ ಪದರಗಳ ನಡುವೆ ನೀರು ಸೇರಿ ಮಣ್ಣು ಉಬ್ಬುತ್ತದೆ, ಒಣಗಿದಾಗ ಅಂಗೈ ಹೋಗುವಷ್ಟು ಬಿರಿಯುತ್ತದೆ. ವರ್ಷಕ್ಕೆ 600 ಮಿಲಿಮೀಟರ್ ಆಸುಪಾಸಿನ ಮಳೆಯಲ್ಲಿ ಮಣ್ಣು ಕುಡಿದಿಟ್ಟುಕೊಂಡ ತೇವವನ್ನು ಕಡ್ಲಿಯ ಆಳದ ಬೇರು ನಿಧಾನವಾಗಿ ಹೀರುತ್ತದೆ. ರಾತ್ರಿಯ ಇಬ್ಬನಿ ಮತ್ತು ಚಳಿಯಲ್ಲೇ ಗಿಡ ಕಾಯಿ ಕಟ್ಟುತ್ತದೆ. ರಾಶಿ ಮಾಡಿ ಚೀಲಕ್ಕೆ ತುಂಬುವ ಹೊತ್ತಿಗೆ ಕಾಳಿನಲ್ಲಿ ಉಳಿಯುವ ನೀರು ನೂರಕ್ಕೆ ಹತ್ತು ಪಾಲಿನಷ್ಟು.

ಈ ಕಾಳನ್ನು ಹಲ್ಲಿಗೆ ಸಿಕ್ಕರೆ ಕರಕರ ಎನ್ನುವ ಖಾರದ ತಿನಿಸಾಗಿ ಮಾಡಬೇಕೆಂದರೆ ಮೊದಲ ಕೆಲಸ ತೀರ ವಿಚಿತ್ರವಾದದ್ದು. ಒಣಗಿರುವುದನ್ನೇ ಗರಿಗರಿ ಮಾಡಲು ಹೊರಟವರು ಅದನ್ನು ಪೂರ್ತಿ ಒದ್ದೆ ಮಾಡುತ್ತಾರೆ. ಒಣ ಬೇಳೆಯನ್ನು ಹಾಗೆಯೇ ಕಾದ ಎಣ್ಣೆಗೆ ಸುರಿದರೆ ಒಂದೆರಡು ನಿಮಿಷದಲ್ಲಿ ಮೇಲೆಲ್ಲ ಕಂದಾಗಿ ಒಳಗೆ ಹಳ್ಳಿನಂತೆ ಉಳಿಯುತ್ತದೆ. ನಾಲ್ಕೈದು ತಾಸು ನೆನೆಸಿ ಕರಿದದ್ದು ಮಾತ್ರ ಹಲ್ಲಿಗೆ ಹಗುರಾಗಿ ಮುರಿಯುತ್ತದೆ. ನೀರನ್ನು ತುಂಬುವುದು, ಆಮೇಲೆ ಅದನ್ನು ಸರಿಯಾದ ವೇಗದಲ್ಲಿ ಹೊರಗೆ ಓಡಿಸುವುದು, ಓಡಿದ ನೀರು ಮರಳಿ ಬರದಂತೆ ಕಾಯುವುದು: ಮಸಾಲೆ ಕಡ್ಲಿಯ ವಿಜ್ಞಾನವೆಲ್ಲ ಈ ಮೂರರಲ್ಲಿದೆ.

ಕಾಳೋ ಬೇಳೆಯೋ

ಕಡಲೆಯಲ್ಲಿ ಎರಡು ಕುಲಗಳಿವೆ. ದೊಡ್ಡ ಗಾತ್ರದ, ಬಿಳಿಯ, ತೆಳು ಸಿಪ್ಪೆಯ ಕಾಬೂಲಿ ಒಂದು. ಚಿಕ್ಕ, ಕಂದು ಬಣ್ಣದ, ಮೂತಿ ಚೂಪಾದ ದೇಸಿ ಇನ್ನೊಂದು. ಉತ್ತರ ಕರ್ನಾಟಕದ ಹೊಲಗಳಲ್ಲಿ ಇರುವುದು ಹೆಚ್ಚಾಗಿ ದೇಸಿ. 1978ರಲ್ಲಿ ಬಿಡುಗಡೆಯಾದ ಅಣ್ಣಿಗೇರಿ-1 ತಳಿ ದಶಕಗಳ ಕಾಲ ಈ ಸೀಮೆಯನ್ನು ಆಳಿತು. ಸೊರಗು ರೋಗಕ್ಕೆ ಅದು ಬಗ್ಗುತ್ತಿದ್ದುದರಿಂದ ವಂಶವಾಹಿ ಗುರುತುಗಳ ನೆರವಿನಿಂದ ರೋಗ ತಡೆಯುವ ಗುಣವನ್ನು ಸೇರಿಸಿ ಸೂಪರ್ ಅಣ್ಣಿಗೇರಿ-1 ಎಂಬ ತಳಿಯನ್ನು 2019ರಲ್ಲಿ ಹೊರತಂದರು.

ದೇಸಿ ಕಾಳಿನ ತೂಕದಲ್ಲಿ ಶೇಕಡ 15ರ ಆಸುಪಾಸು ಬರೀ ಸಿಪ್ಪೆ. ಕಾಬೂಲಿಯಲ್ಲಿ ಅದು ಶೇಕಡ 5ರಷ್ಟು. ಕರಿಯುವವರಿಗೆ ಈ ಅಂಕಿ ಮುಖ್ಯ, ಏಕೆಂದರೆ ಸಿಪ್ಪೆ ಎಂದರೆ ಉಗಿಗೆ ಹಾಕಿದ ಬಾಗಿಲು. ನೀರು ಉಗಿಯಾದಾಗ ಸುಮಾರು 1,600 ಪಟ್ಟು ಹಿಗ್ಗುತ್ತದೆ. ಸಿಪ್ಪೆ ಗಟ್ಟಿಯಾಗಿ ಮುಚ್ಚಿಕೊಂಡಿದ್ದರೆ ಒಳಗಿನ ಒತ್ತಡ ಏರುತ್ತ ಹೋಗಿ ಕಾಳು ಸಿಡಿಯುತ್ತದೆ, ಜತೆಗೆ ಕಾದ ಎಣ್ಣೆಯೂ ಹಾರುತ್ತದೆ. ಸಿಪ್ಪೆ ಕಳಚಿ ಎರಡಾಗಿ ಒಡೆದ ಕಡ್ಲಿಬ್ಯಾಳಿಗೆ ಈ ತೊಂದರೆ ಇಲ್ಲ. ಅದರ ಒಳಮೈ ಸಪಾಟಾಗಿ ತೆರೆದುಕೊಂಡಿರುತ್ತದೆ, ಉಗಿ ಸಲೀಸಾಗಿ ಹೊರಬೀಳುತ್ತದೆ.

ಬೆಂಗಳೂರಿನ ಅಡುಗೆಮನೆಗಳು ಇದೇ ಸಮಸ್ಯೆಯನ್ನು ಅವರೆಕಾಳಿನಲ್ಲಿ ಎದುರಿಸಿ ಬೇರೆ ದಾರಿಯಲ್ಲಿ ಬಗೆಹರಿಸಿವೆ. ಚಳಿಗಾಲದ ಅವರೆಬೇಳೆ ಮೇಳದಲ್ಲಿ ಸಿಗುವ ಖಾರದ ಅವರೆಬೇಳೆಯನ್ನು ನೆನೆಸಿ, ಬೆರಳ ನಡುವೆ ಒತ್ತಿ ಸಿಪ್ಪೆ ಹಿದುಕಿದ ಮೇಲೆಯೇ ಎಣ್ಣೆಗೆ ಬಿಡುತ್ತಾರೆ. ಸಿಪ್ಪೆ ಹೋದರೆ ಉಗಿಗೆ ದಾರಿ ಸಿಗುತ್ತದೆ.

ಒಂದು ಎಚ್ಚರಿಕೆ ಇಲ್ಲಿಯೇ ಹೇಳಬೇಕು. ಕಡಲೆ, ಹೆಸರು, ಮಡಿಕೆ, ಅಲಸಂದಿಗಳಿಗೆ ಒಗ್ಗುವ ಈ ವಿಧಾನವನ್ನು ರಾಜ್ಮಾ ಮೇಲೆ ಹೂಡಬಾರದು. ಹಸಿ ರಾಜ್ಮಾದಲ್ಲಿ ಫೈಟೊಹೀಮಾಗ್ಲುಟಿನಿನ್ ಎಂಬ ವಿಷಕಾರಿ ಪ್ರೋಟೀನ್ ಬಹಳ ಇರುತ್ತದೆ. ನೆನೆಸಿದ ನೀರು ಚೆಲ್ಲಿ, ಹೊಸ ನೀರಿನಲ್ಲಿ ಅರ್ಧ ಗಂಟೆ ಕೊತಕೊತ ಕುದಿಸದೆ ಅದನ್ನು ತಿಂದವರಿಗೆ ವಾಂತಿ-ಭೇದಿ ತಪ್ಪಿದ್ದಲ್ಲ.

ನೀರು ಒಳಗೆ ಹೋಗುವ ಬಗೆ

ಒಣ ಬೇಳೆಯ ಒಳಗೆ ಪಿಷ್ಟದ ಕಣಗಳು ಪ್ರೋಟೀನ್ ಜಾಲದಲ್ಲಿ ಒತ್ತೊತ್ತಾಗಿ ಕೂತಿರುತ್ತವೆ. ಜೀವಕೋಶಗಳನ್ನು ಒಂದಕ್ಕೊಂದು ಅಂಟಿಸಿರುವುದು ಪೆಕ್ಟಿನ್. ಪಿಷ್ಟ ಬೇಯಬೇಕಾದರೆ ಶಾಖ ಒಂದೇ ಸಾಲದು, ನೀರೂ ಬೇಕು. ಸಾಕಷ್ಟು ನೀರಿದ್ದರೆ ಕಡಲೆಯ ಪಿಷ್ಟ 60-70 ಡಿಗ್ರಿ ಸೆಲ್ಸಿಯಸ್ ದಾಟುತ್ತಿದ್ದಂತೆ ಉಬ್ಬಿ ಮೆದುವಾಗುತ್ತದೆ. ಹತ್ತು ಪಾಲು ತೇವ ಮಾತ್ರ ಇರುವ ಒಣ ಬೇಳೆಯಲ್ಲಿ ಅದೇ ಪಿಷ್ಟ ನೂರು ಡಿಗ್ರಿಗೂ ಜಗ್ಗುವುದಿಲ್ಲ. ಹೊರಮೈ ಸುಟ್ಟರೂ ನಡುಭಾಗ ಹಸಿಯಾಗಿ ಗಟ್ಟಿಯಾಗಿ ಉಳಿಯಲು ಇದೇ ಕಾರಣ. ಚೆನ್ನಾಗಿ ನೆನೆದ ಬೇಳೆ ಹೆಚ್ಚುಕಡಿಮೆ ತನ್ನಷ್ಟೇ ತೂಕದ ನೀರನ್ನು ಒಳಗೆ ಇಟ್ಟುಕೊಳ್ಳುತ್ತದೆ. ಬೆರಳುಗುರಿನಿಂದ ಒತ್ತಿದರೆ ಮುರಿಯಬೇಕು, ಮುರಿದ ಜಾಗದಲ್ಲಿ ಬಿಳಿಯ ಒಣ ಚುಕ್ಕೆ ಕಾಣಬಾರದು.

ಯಾವ ನೀರಿನಲ್ಲಿ ನೆನೆಸಬೇಕು ಎಂಬ ಪ್ರಶ್ನೆ ವಿಜಯಪುರದಲ್ಲಿ ಸಣ್ಣದಲ್ಲ. ಡೋಣಿ ನದಿಯ ಬಯಲಿನ ಸವಳು ನೀರು ಹೆಸರುವಾಸಿ. ಅನೇಕ ಕೊಳವೆಬಾವಿಗಳ ನೀರು ಗಡಸು. ಗಡಸು ನೀರಿನಲ್ಲಿರುವ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಪೆಕ್ಟಿನ್ ಎಳೆಗಳನ್ನು ಒಂದಕ್ಕೊಂದು ಬಿಗಿದು ಕಟ್ಟುತ್ತವೆ. ಅಂಥ ನೀರಿನಲ್ಲಿ ನೆನೆಸಿದ ಬೇಳೆ ತಾಸುಗಟ್ಟಲೆ ಬಿಟ್ಟರೂ ಬಿರುಸಾಗಿಯೇ ಇರುತ್ತದೆ. ಕುಡಿಯುವ ಸಿಹಿನೀರು ಬಳಸುವುದು ಒಂದು ಉಪಾಯ, ಅಡಿಗೆ ಸೋಡಾ ಇನ್ನೊಂದು. ಸೋಡಾ ನೀರನ್ನು ಕ್ಷಾರೀಯ ಮಾಡುತ್ತದೆ. ಕ್ಷಾರದಲ್ಲಿ ಪೆಕ್ಟಿನ್ ಬೇಗ ಕಳಚುತ್ತದೆ, ಸೋಡಾದ ಸೋಡಿಯಂ ಕ್ಯಾಲ್ಸಿಯಂನ ಜಾಗಕ್ಕೆ ಬಂದು ಕೂಡುತ್ತದೆ.

ಸೋಡಾ ಹೆಚ್ಚಾದರೆ ಕೆಡುಕೂ ಉಂಟು. ಸಾಬೂನಿನ ವಾಸನೆ ಬರುತ್ತದೆ, ಬಿ-1 ಜೀವಸತ್ವ ನಾಶವಾಗುತ್ತದೆ, ಎಣ್ಣೆಗೆ ಬಿದ್ದ ಬೇಳೆ ಬೇಯುವ ಮೊದಲೇ ಕಂದಾಗುತ್ತದೆ. ಇದನ್ನು ಪತ್ತೆ ಹಚ್ಚುವ ರಾಸಾಯನಿಕ ಪ್ರತಿ ಮನೆಯ ಮಸಾಲೆ ಡಬ್ಬಿಯಲ್ಲಿಯೇ ಇದೆ. ಅರಿಸಿಣದ ಕರ್ಕ್ಯುಮಿನ್ ಕ್ಷಾರ ತಾಗಿದರೆ ಹಳದಿಯಿಂದ ಕೆಂಪಿಗೆ ತಿರುಗುತ್ತದೆ. ನೆನೆದ ಬೇಳೆಯ ಎರಡು ಕಾಳಿಗೆ ಚಿಟಿಕೆ ಅರಿಸಿಣ ಸವರಿದಾಗ ಕೆಂಪು ಛಾಯೆ ಕಂಡರೆ ಇನ್ನೂ ಎರಡು ಸಲ ತೊಳೆಯಬೇಕು. ನೆನೆಸಿದ ನೀರನ್ನು ಚೆಲ್ಲುವುದರಿಂದ ಇನ್ನೊಂದು ಲಾಭವೂ ಇದೆ: ಹೊಟ್ಟೆಯುಬ್ಬರಕ್ಕೆ ಕಾರಣವಾಗುವ ರಾಫಿನೋಸ್, ಸ್ಟಾಕಿಯೋಸ್ ಸಕ್ಕರೆಗಳಲ್ಲಿ ಒಂದಷ್ಟು ಅದರ ಜತೆಗೆ ಹೋಗುತ್ತದೆ.

ನೀರು ಹೊರಗೆ ಬರುವ ಬಗೆ

ನೆನೆದ ಬೇಳೆಯ ಮೈಮೇಲಿನ ನೀರು ಬೇರೆ, ಒಳಗಿನ ನೀರು ಬೇರೆ. ಮೇಲಿನದು ಎಣ್ಣೆಯನ್ನು ಚಿಮ್ಮಿಸುವುದು ಬಿಟ್ಟು ಯಾವ ಉಪಕಾರವನ್ನೂ ಮಾಡುವುದಿಲ್ಲ. ಅದಕ್ಕೇ ಬೇಳೆಯನ್ನು ಬಸಿದು, ಹತ್ತಿಯ ಅರಿವೆಯ ಮೇಲೆ ನೆರಳಿನಲ್ಲಿ ಹರಡುತ್ತಾರೆ. ಮುಟ್ಟಿದರೆ ಕೈಗೆ ಪಸೆ ಹತ್ತಬಾರದು, ಆದರೆ ಕಾಳು ಒಳಗೆ ಒದ್ದೆಯಾಗಿಯೇ ಇರಬೇಕು. ವಿಜಯಪುರದ ಒಣಗಾಳಿಯಲ್ಲಿ ಅರ್ಧ ತಾಸಿನಿಂದ ಒಂದು ತಾಸಿನೊಳಗೆ ಈ ಹದ ಬರುತ್ತದೆ.

ಎಣ್ಣೆ 170ರಿಂದ 180 ಡಿಗ್ರಿಗೆ ಕಾದಿರುವಾಗ ಬೇಳೆ ಬಿದ್ದೊಡನೆ ಕಡಾಯಿ ತುಂಬ ನೊರೆ ಏಳುತ್ತದೆ. ಎಣ್ಣೆ ಕುದಿಯುತ್ತಿದೆ ಎಂದು ನೋಡುವವರಿಗೆ ಅನ್ನಿಸಿದರೂ ಕುದಿಯುತ್ತಿರುವುದು ಎಣ್ಣೆಯಲ್ಲ, ಬೇಳೆಯೊಳಗಿನ ನೀರು. ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದ ವಿಜಯಪುರದಲ್ಲಿ ನೀರು ಹತ್ತಿರ ಹತ್ತಿರ 98 ಡಿಗ್ರಿಗೆ ಕುದಿಯುತ್ತದೆ. ನೀರು ಇರುವ ತನಕ ಬೇಳೆಯ ಒಳಭಾಗ ಆ ಮಟ್ಟ ಬಿಟ್ಟು ಹೆಚ್ಚು ಮೇಲೇರದು. ಅಷ್ಟರಲ್ಲಿ ಪಿಷ್ಟ ಬೇಯುತ್ತದೆ. ಹೊರಗೆ ನುಗ್ಗುವ ಉಗಿ ಒಳಗೆಲ್ಲ ಸಣ್ಣ ಸಣ್ಣ ಪೊಳ್ಳುಗಳನ್ನು, ಓಣಿಗಳನ್ನು ಕೊರೆದು ಬಿಡುತ್ತದೆ. ನೆನೆಸದ ಬೇಳೆಯಲ್ಲಿ ಈ ಪೊಳ್ಳುಗಳು ಹುಟ್ಟುವುದೇ ಇಲ್ಲ.

ಒಂದೇ ಸಲಕ್ಕೆ ಬಹಳ ಬೇಳೆ ಸುರಿಯಬಾರದು ಎಂಬ ಮಾತಿಗೆ ಲೆಕ್ಕದ ಆಧಾರವಿದೆ. ನೆನೆದ 100 ಗ್ರಾಂ ಬೇಳೆಯಲ್ಲಿ 50 ಗ್ರಾಂ ನೀರಿದೆ ಎನ್ನಿ. ಅದನ್ನು ಕುದಿಯುವ ಮಟ್ಟಕ್ಕೆ ತಂದು ಪೂರ್ತಿ ಆವಿ ಮಾಡಲು ಸುಮಾರು 127 ಕಿಲೊಜೂಲ್ ಶಾಖ ಬೇಕು. ಈ ಶಾಖವನ್ನೆಲ್ಲ ಕಡಾಯಿಯಲ್ಲಿರುವ ಒಂದು ಲೀಟರ್ ಎಣ್ಣೆಯೇ ಕೊಡಬೇಕಾದರೆ ಅದು 60ರಿಂದ 70 ಡಿಗ್ರಿ ತಣ್ಣಗಾಗುತ್ತದೆ. ಒಲೆ ಅಷ್ಟಿಷ್ಟು ತುಂಬಿಕೊಡುತ್ತದೆ ನಿಜ, ಆದರೆ ಅರ್ಧ ಕಿಲೊ ಬೇಳೆಯನ್ನು ಒಮ್ಮೆಗೇ ಸುರಿದರೆ ಯಾವ ಮನೆಯ ಗ್ಯಾಸಿನ ಒಲೆಯೂ ಆ ವೇಗಕ್ಕೆ ಶಾಖ ಕೊಡಲಾರದು. ಎಣ್ಣೆ ತಣಿಯುತ್ತದೆ, ಉಗಿಯ ರಭಸ ಇಳಿಯುತ್ತದೆ, ಬೇಳೆ ಜಿಡ್ಡುಜಿಡ್ಡಾಗಿ ಬೇಯುತ್ತ ಕೂರುತ್ತದೆ.

‘ನೊರಿ ಇಳಿಯೂ ತನಾ ತಗೀಬ್ಯಾಡವಾ’ ಎಂದು ಈ ಕಡೆಯ ಅತ್ತೆಯರು ಸೊಸೆಯರಿಗೆ ಹೇಳುವುದುಂಟು. ಅದು ಥರ್ಮಾಮೀಟರಿಗೆ ಸಮನಾದ ಸೂಚನೆ. ನೊರೆ ಇಳಿಯಿತು ಎಂದರೆ ಹೊರಬರಲು ನೀರು ಹೆಚ್ಚು ಉಳಿದಿಲ್ಲ ಎಂದು ಅರ್ಥ. ಬೇಳೆ ಹಗುರಾಗಿ ಮೇಲೆ ತೇಲುತ್ತದೆ, ಝಾರಿ ಆಡಿಸಿದಾಗ ಸದ್ದು ಮೆತ್ತಗಿನಿಂದ ಗಲಗಲಕ್ಕೆ ತಿರುಗುತ್ತದೆ. ನೀರಿನ ಕಾವಲು ತಪ್ಪಿದ ಕೂಡಲೇ ಬೇಳೆಯ ಉಷ್ಣತೆ ಎಣ್ಣೆಯ ಮಟ್ಟಕ್ಕೆ ಜಿಗಿಯತೊಡಗುತ್ತದೆ. ಆಗ ಪ್ರೋಟೀನಿನ ಅಮೈನೋ ಆಮ್ಲಗಳೂ ಸಕ್ಕರೆಗಳೂ ಸೇರಿ ಹೊಂಬಣ್ಣವನ್ನೂ ಹುರಿದ ಘಮವನ್ನೂ ಹುಟ್ಟಿಸುತ್ತವೆ. ಫ್ರಾನ್ಸಿನ ಲೂಯಿ ಕಮೀಲ್ ಮೇಯಾರ್ 1912ರಲ್ಲಿ ಈ ಕ್ರಿಯೆಯನ್ನು ವಿವರಿಸಿದ. ಅದು ನಡೆಯಲು ಬಿಡಬೇಕಾದದ್ದು ಅರ್ಧ ನಿಮಿಷವೋ ಮುಕ್ಕಾಲು ನಿಮಿಷವೋ ಅಷ್ಟೇ. ಗಾಢ ಕಂದಿಗೆ ಹೋದರೆ ಕಹಿ ಹತ್ತುತ್ತದೆ, ಅಕ್ರಿಲಮೈಡ್ ಎಂಬ ಬೇಡದ ರಾಸಾಯನಿಕವೂ ಹೆಚ್ಚುತ್ತದೆ. ಕರಿದ, ಹುರಿದ ಪಿಷ್ಟದ ತಿನಿಸುಗಳಲ್ಲಿ ಅದು ಇರುವುದನ್ನು ಸ್ವೀಡನ್ನಿನ ವಿಜ್ಞಾನಿಗಳು 2002ರಲ್ಲಿ ತಿಳಿಸಿದರು.

ಎಣ್ಣೆ ಒಳಗೆ ಸೇರುವುದು ಯಾವಾಗ? ಕಡಾಯಿಯಲ್ಲಿ ಇರುವಾಗ ಎಂದು ಹೆಚ್ಚಿನವರ ಊಹೆ. ಆಗ ಉಗಿ ಹೊರಗೆ ಒತ್ತುತ್ತಿರುವುದರಿಂದ ಎಣ್ಣೆಗೆ ಒಳಗೆ ಹೋಗಲು ಆಸ್ಪದ ಕಡಿಮೆ. ಬೇಳೆಯನ್ನು ಮೇಲೆತ್ತಿದ ಮೇಲೆ ಪೊಳ್ಳುಗಳಲ್ಲಿ ಉಳಿದ ಉಗಿ ತಣಿದು ನೀರಾಗುತ್ತದೆ, ಒತ್ತಡ ಕುಸಿಯುತ್ತದೆ, ಮೈಗೆ ಅಂಟಿದ ಎಣ್ಣೆಯನ್ನು ಪೊಳ್ಳುಗಳು ಒಳಗೆಳೆದುಕೊಳ್ಳುತ್ತವೆ. ಹೀಗಾಗಿ ತೆಗೆದ ಮೊದಲ ನಿಮಿಷ ನಿರ್ಣಾಯಕ. ಝಾರಿಯನ್ನು ಕಡಾಯಿಯ ಮೇಲೆಯೇ ಹಿಡಿದು ಚೆನ್ನಾಗಿ ಜಾಡಿಸಿ, ಬಿಸಿ ಇರುವಾಗಲೇ ಜರಡಿಯಲ್ಲಿ ತೆಳ್ಳಗೆ ಹರಡಿದರೆ ಹೊರಗಿನ ಎಣ್ಣೆ ಒಳಗೆ ಸೇರುವ ಮೊದಲೇ ಸೋರಿಹೋಗುತ್ತದೆ.

ಎಣ್ಣೆಯೇ ಇಲ್ಲದೆ ಇದೇ ಭೌತಶಾಸ್ತ್ರವನ್ನು ದುಡಿಸಿಕೊಳ್ಳುವವರು ಪುಟಾಣಿ ಭಟ್ಟಿಯವರು. ಕಡಲೆಯನ್ನು ಕಾದ ಮರಳಿನಲ್ಲಿ ಹುರಿದು, ನೀರು ಚಿಮುಕಿಸಿ ತಂಗಲು ಬಿಟ್ಟು, ಮತ್ತೆ ಮರಳಿಗೆ ಹಾಕುತ್ತಾರೆ. ಎರಡನೆಯ ಕಾವಿಗೆ ಒಳಗಿನ ತೇವ ತಟ್ಟನೆ ಉಗಿಯಾಗಿ ಕಾಳು ಉಬ್ಬುತ್ತದೆ, ಸಿಪ್ಪೆ ಬಿರಿದು ಕಳಚುತ್ತದೆ. ತುರ್ಕಿಯ ಪ್ರಸಿದ್ಧ ಲೆಬ್ಲೆಬಿ ಕಡಲೆಯೂ ನೆನೆಸುವ, ಹುರಿಯುವ, ತಂಗಿಸುವ ಸರದಿಯಲ್ಲೇ ತಯಾರಾಗುತ್ತದೆ. ಕಡಲೆ ಬೇಸಾಯ ಹುಟ್ಟಿದ್ದೂ ತುರ್ಕಿಯ ಆಗ್ನೇಯ ಭಾಗದಲ್ಲೇ, ಸುಮಾರು ಹತ್ತು ಸಾವಿರ ವರ್ಷಗಳ ಹಿಂದೆ.

ಕಿವಿಗೆ ಕೇಳುವ ರುಚಿ

ನೀರು ಹೋದ ಬೇಳೆಯ ಪಿಷ್ಟ-ಪ್ರೋಟೀನುಗಳು ಭೌತವಿಜ್ಞಾನಿಗಳು ಗಾಜಿನ ಸ್ಥಿತಿ ಎನ್ನುವ ಹಂತಕ್ಕೆ ಬರುತ್ತವೆ. ಅಣುಗಳು ಅಡ್ಡಾದಿಡ್ಡಿ ನಿಂತಲ್ಲೇ ಬಿಗಿದುಕೊಂಡಿರುತ್ತವೆ, ಬಾಗುವುದಿಲ್ಲ. ಹಲ್ಲು ಒತ್ತಿದಾಗ ಪೊಳ್ಳುಗಳ ತೆಳುಗೋಡೆಗಳು ಒಂದರ ಹಿಂದೊಂದು ಪಟಪಟನೆ ಒಡೆಯುತ್ತವೆ. ಒಂದೊಂದು ಗೋಡೆ ಒಡೆದಾಗಲೂ ಒಂದು ಚಿಕ್ಕ ಸದ್ದು. ಇವೆಲ್ಲ ಸೇರಿ ಕರಕರ.

ಈ ಸದ್ದಿಗೆ ರುಚಿಯಲ್ಲಿ ಎಷ್ಟು ಪಾಲಿದೆ ಎಂಬುದನ್ನು ಮಸ್ಸಿಮಿಲಿಯಾನೊ ಜಂಪಿನಿ ಮತ್ತು ಚಾರ್ಲ್ಸ್ ಸ್ಪೆನ್ಸ್ ಎಂಬ ಇಬ್ಬರು ವಿಜ್ಞಾನಿಗಳು 2004ರಲ್ಲಿ ಪ್ರಕಟಿಸಿದ ಪ್ರಯೋಗ ತೋರಿಸಿತು. ಆಲೂಗಡ್ಡೆ ಚಿಪ್ಸ್ ಕಚ್ಚುವವರ ಕಿವಿಗೆ ಹೆಡ್‌ಫೋನ್ ಹಾಕಿ, ಅವರದೇ ಕಡಿತದ ಸದ್ದನ್ನು ಏರಿಸಿ ಇಳಿಸಿ ಕೇಳಿಸಿದರು. ಸದ್ದು ಜೋರಾದಾಗ, ಅದರಲ್ಲೂ ಕೀಚಲು ಸ್ವರಗಳು ಹೆಚ್ಚಾದಾಗ, ಚಿಪ್ಸ್ ಹೆಚ್ಚು ತಾಜಾ, ಹೆಚ್ಚು ಗರಿಗರಿ ಎಂದು ತಿಂದವರು ಹೇಳಿದರು. ತಿನಿಸು ಬದಲಾಗಿರಲಿಲ್ಲ. 2008ರಲ್ಲಿ ಈ ಕೆಲಸಕ್ಕೆ ಇಗ್ ನೊಬೆಲ್ ಎಂಬ ವಿನೋದದ ಪ್ರಶಸ್ತಿ ಬಂತು. ವಿನೋದ ಪ್ರಶಸ್ತಿಯದು ಮಾತ್ರ, ಪ್ರಯೋಗ ಗಂಭೀರವಾದದ್ದೇ.

ಗಾಜಿನ ಸ್ಥಿತಿಗೆ ಶತ್ರು ಗಾಳಿಯ ತೇವ. ಸ್ವಲ್ಪ ನೀರು ಒಳಸೇರಿದರೂ ಅಣುಗಳು ಸಡಿಲಗೊಂಡು ಬಾಗತೊಡಗುತ್ತವೆ. ಬೇಳೆ ಮುರಿಯುವ ಬದಲು ಹಲ್ಲಿಗೆ ಎಳೆಯುತ್ತದೆ. ವರ್ಷಕ್ಕೆ 3,500 ಮಿಲಿಮೀಟರ್ ಮೀರಿ ಮಳೆ ಬೀಳುವ ಮಂಗಳೂರಿನಲ್ಲಿ ಆಷಾಢದ ದಿನ ಡಬ್ಬಿ ತೆರೆದಿಟ್ಟರೆ ಸಂಜೆಯೊಳಗೆ ಮೆತ್ತಗಾಗುವ ತಿನಿಸು, ತಿಕೋಟಾದ ಫೆಬ್ರುವರಿಯಲ್ಲಿ ದಿನಗಟ್ಟಲೆ ಗರಿಗರಿಯಾಗಿರುತ್ತದೆ. ದ್ರಾಕ್ಷಿಯನ್ನು ನೆರಳಲ್ಲೇ ಮಣೂಕ ಮಾಡಿಕೊಡುವ ಒಣಗಾಳಿ ಕರಿದ ಕಡ್ಲಿಗೂ ಕಾವಲು.

ಖಾರ ಹಾಕುವ ಗಳಿಗೆ

ಖಾರಪುಡಿಯನ್ನು ಎಣ್ಣೆಗೆ ಹಾಕಿದರೆ ಕೆಲವೇ ಸೆಕೆಂಡಿನಲ್ಲಿ ಕಪ್ಪಾಗುತ್ತದೆ. ತಣ್ಣಗಾದ ಬೇಳೆಗೆ ಹಾಕಿದರೆ ಡಬ್ಬಿಯ ತಳ ಸೇರುತ್ತದೆ. ಎರಡರ ನಡುವಿನ ಗಳಿಗೆ ಹಿಡಿಯಬೇಕು: ಎಣ್ಣೆ ಬಸಿದ ಬೇಳೆ ಇನ್ನೂ ಬಿಸಿ ಇರುವಾಗ ಮೈಮೇಲೆ ತೆಳುವಾದ ಎಣ್ಣೆಪೊರೆ ಇರುತ್ತದೆ, ಪುಡಿ ಅದಕ್ಕೆ ಹತ್ತಿಕೊಳ್ಳುತ್ತದೆ. ಮೆಣಸಿನಕಾಯಿಯ ಖಾರದ ಅಂಶವಾದ ಕ್ಯಾಪ್ಸೈಸಿನ್ ಎಣ್ಣೆಯಲ್ಲಿ ಕರಗುತ್ತದೆ, ನೀರಿನಲ್ಲಿ ಕರಗುವುದು ತೀರ ಕಡಿಮೆ. ಹೀಗಾಗಿ ಆ ಪೊರೆ ಖಾರವನ್ನು ಎಲ್ಲ ಕಾಳಿಗೂ ಸಮನಾಗಿ ಹಂಚುತ್ತದೆ. ಉಪ್ಪನ್ನು ನುಣ್ಣಗೆ ಕುಟ್ಟಿ ಹಾಕಿದರೆ ಕಡಿಮೆ ಉಪ್ಪಿಗೇ ಹೆಚ್ಚು ರುಚಿ ಹತ್ತುತ್ತದೆ. ಹುಳಿಗೆ ಲಿಂಬೆರಸ ಹಿಂಡಿದರೆ ಅಷ್ಟು ಹೊತ್ತು ಓಡಿಸಿದ ನೀರನ್ನು ಮತ್ತೆ ಕರೆದಂತಾಗುತ್ತದೆ. ಒಣ ಮಾವಿನಪುಡಿ ಸರಿಯಾದ ಆಯ್ಕೆ. ಬಳ್ಳೊಳ್ಳಿ, ಕರಿಬೇವುಗಳನ್ನೂ ಅದೇ ಕಾರಣಕ್ಕೆ ಬೇರೆಯಾಗಿ ಗರಿಗರಿ ಕರಿದು ಸೇರಿಸಬೇಕು.

ಬಾಯಿ ಉರಿಯುವುದು ನಾಲಿಗೆಯ ರುಚಿಯಲ್ಲ, ನರಗಳ ಕೂಗು. ಟಿಆರ್‌ಪಿವಿ-1 ಎಂಬ ಗ್ರಾಹಕ ಇರುವುದು 43 ಡಿಗ್ರಿ ಮೀರಿದ ಬಿಸಿಯನ್ನು ಗುರುತಿಸಲು. ಕ್ಯಾಪ್ಸೈಸಿನ್ ಅದೇ ಗ್ರಾಹಕವನ್ನು ತಟ್ಟಿ ಎಬ್ಬಿಸುತ್ತದೆ. ಇದನ್ನು 1997ರಲ್ಲಿ ಕಂಡುಹಿಡಿದ ಡೇವಿಡ್ ಜೂಲಿಯಸ್‌ಗೆ 2021ರ ವೈದ್ಯಕೀಯ ನೊಬೆಲ್‌ನಲ್ಲಿ ಪಾಲು ಸಿಕ್ಕಿತು. ಕಣ್ಣಿಗೆ ಕೆಂಪು ಬೇಕು, ನಾಲಿಗೆಗೆ ಹದವಾದ ಖಾರ ಸಾಕು ಎನ್ನುವವರಿಗೆ 2011ರಲ್ಲಿ ಭೌಗೋಳಿಕ ಸೂಚಿಕೆ ಪಡೆದ ಬ್ಯಾಡಗಿ ಮೆಣಸಿನಕಾಯಿ ಇದೆ. ಅದರ ಗಾಢ ಬಣ್ಣ ಕ್ಯಾಪ್ಸಾಂಥಿನ್‌ನಂಥ ವರ್ಣಕಗಳದು, ಖಾರದ ಜತೆ ಅದಕ್ಕೆ ಸಂಬಂಧವಿಲ್ಲ.

ಇಷ್ಟು ನಮ್ಮದೆನಿಸಿದ ಈ ಖಾರ ಅಮೆರಿಕ ಖಂಡದಿಂದ ಪೋರ್ಚುಗೀಸರ ಹಡಗಿನಲ್ಲಿ ಬಂದದ್ದು. ಬಿಜಾಪುರದ ಆದಿಲ್‌ಶಾಹಿಗಳ ಕೈಯಿಂದ ಪೋರ್ಚುಗೀಸರು ಗೋವೆಯನ್ನು ಕಿತ್ತುಕೊಂಡದ್ದು 1510ರಲ್ಲಿ. ರಾಜ್ಯ ಕಟ್ಟಿದ ಯೂಸುಫ್ ಆದಿಲ್ ಶಾಹನ ಅಡುಗೆಮನೆಗೆ ಖಾರವೆಂದರೆ ಕರಿಮೆಣಸು. ಶೇಂಗಾ ಕೂಡ ದಕ್ಷಿಣ ಅಮೆರಿಕದ್ದೇ. ಕಡಾಯಿಗೆ ಬೀಳುವ ಕಾಳುಗಳ ಪೈಕಿ ಇಲ್ಲಿಯ ಹಳೆಯ ನಿವಾಸಿ ಎಂದರೆ ಹೆಸರು: ಬಳ್ಳಾರಿ ಬಳಿಯ ಸಂಗನಕಲ್ಲಿನಂಥ ನವಶಿಲಾಯುಗದ ನೆಲೆಗಳಲ್ಲಿ ಹುರುಳಿಯ ಜತೆಗೆ ಅದರ ಸುಟ್ಟ ಕಾಳುಗಳು ಸಿಕ್ಕಿವೆ.

ಯಾವ ಎಣ್ಣೆ

ಇದು ಕುಸುಬಿಯ ನಾಡು, ಗಾಣದ ಕುಸುಬಿ ಎಣ್ಣೆಯ ಅಭಿಮಾನಿಗಳು ಇನ್ನೂ ಇದ್ದಾರೆ. ಆದರೆ ಸಾಂಪ್ರದಾಯಿಕ ಕುಸುಬಿ ಎಣ್ಣೆಯಲ್ಲಿ ನೂರಕ್ಕೆ ಎಪ್ಪತ್ತಕ್ಕೂ ಹೆಚ್ಚು ಪಾಲು ಲಿನೋಲಿಯಿಕ್ ಆಮ್ಲ. ಈ ಆಮ್ಲದ ಅಣುವಿನಲ್ಲಿ ಎರಡು ಜೋಡಿಬಂಧಗಳಿರುವುದರಿಂದ ಕಾದಾಗ ಆಮ್ಲಜನಕ ಬೇಗ ದಾಳಿ ಮಾಡುತ್ತದೆ, ಎಣ್ಣೆ ಅಂಟಾಗಿ ಕಮಟುತ್ತದೆ. ಒಗ್ಗರಣೆಗೂ ಹಿಂಡಿಗೆ ಕಲಸಿಕೊಳ್ಳಲೂ ಕುಸುಬಿ ಚೆನ್ನ. ತಾಸುಗಟ್ಟಲೆ ಕರಿಯಲು ಒಂದೇ ಜೋಡಿಬಂಧದ ಒಲಿಯಿಕ್ ಆಮ್ಲ ಹೆಚ್ಚಿರುವ ಶೇಂಗಾ ಎಣ್ಣೆ ಹೆಚ್ಚು ತಾಳುತ್ತದೆ.

ಕರಿದ ಎಣ್ಣೆಯನ್ನು ಮತ್ತೆ ಮತ್ತೆ ಕಾಯಿಸಿದಂತೆ ಒಡೆದ, ಅಂಟಿಕೊಂಡ ಅಣುಗಳು ಕೂಡುತ್ತ ಹೋಗುತ್ತವೆ. ಇವಕ್ಕೆ ಧ್ರುವೀಯ ಸಂಯುಕ್ತಗಳೆಂದು ಹೆಸರು. ಅವುಗಳ ಒಟ್ಟು ಪ್ರಮಾಣ ಶೇಕಡ 25 ಮೀರಿದರೆ ಆ ಎಣ್ಣೆಯನ್ನು ಬಳಸಕೂಡದೆಂಬ ಭಾರತೀಯ ಆಹಾರ ಸುರಕ್ಷತಾ ಪ್ರಾಧಿಕಾರದ ನಿಯಮ 2018ರ ಜುಲೈ 1ರಿಂದ ಜಾರಿಯಲ್ಲಿದೆ. ಅಂಗಡಿಗಳಲ್ಲಿ ಇದನ್ನು ಅಳೆಯುವ ಉಪಕರಣಗಳಿವೆ. ಮನೆಯಲ್ಲಿ ಕಣ್ಣು, ಮೂಗೇ ಸಾಕು: ಬಣ್ಣ ಗಾಢವಾದರೆ, ನೊರೆ ಇಳಿಯದೆ ನಿಂತರೆ, ಮೊದಲಿಗಿಂತ ಬೇಗ ಹೊಗೆಯಾಡಿದರೆ ಆ ಎಣ್ಣೆ ಮುಗಿಯಿತು.

ಮಾಡುವ ಕ್ರಮ

ಕಾಲು ಕಿಲೊ ಕಡ್ಲಿಬ್ಯಾಳಿಯನ್ನು ತೊಳೆದು, ಕಾಲು ಚಮಚ ಅಡಿಗೆ ಸೋಡಾ ಬೆರೆಸಿದ ಸಿಹಿನೀರಿನಲ್ಲಿ ನಾಲ್ಕೈದು ತಾಸು ನೆನೆಸಬೇಕು. ಎರಡು ಮೂರು ನೀರಿನಲ್ಲಿ ತೊಳೆದು, ಬಸಿದು, ಅರಿವೆಯ ಮೇಲೆ ಹರಡಿ ಮೇಲ್ಪಸೆ ಆರಲು ಬಿಡಬೇಕು. ಅಗಲವಾದ, ಆಳದ ಕಡಾಯಿಯಲ್ಲಿ ಅರ್ಧಕ್ಕಿಂತ ಕಡಿಮೆ ಎಣ್ಣೆ ಇರಲಿ, ಏಕೆಂದರೆ ನೊರೆ ಏರಲು ಜಾಗ ಬೇಕು. ಒಂದು ಕಾಳು ಹಾಕಿದಾಗ ತಕ್ಷಣ ಗುಳ್ಳೆ ಎದ್ದು ಮೇಲೆ ಬಂದರೆ ಎಣ್ಣೆ ಕಾದಿದೆ. ಒಂದೊಂದೇ ಹಿಡಿ ಬೇಳೆ ಬಿಟ್ಟು, ನಡುವೆ ಒಮ್ಮೆ ಆಡಿಸಿ, ನೊರೆ ಇಳಿದು ಹೊಂಬಣ್ಣ ಬಂದಾಗ ತೆಗೆಯಬೇಕು. ಮುಂದಿನ ಹಿಡಿಗೆ ಮೊದಲು ಎಣ್ಣೆ ಮತ್ತೆ ಕಾಯಲು ಒಂದು ನಿಮಿಷ ಕೊಡಬೇಕು. ಬಿಸಿ ಇರುವಾಗ ಉಪ್ಪು, ಖಾರಪುಡಿ, ಚಿಟಿಕೆ ಇಂಗು, ಮಾವಿನಪುಡಿ ಹಾಕಿ ತೂರಿ ಕಲಸಬೇಕು. ಪೂರ್ತಿ ಆರಿದ ಮೇಲೆಯೇ ಡಬ್ಬಿ ಮುಚ್ಚಬೇಕು, ಬಿಸಿ ಇರುವಾಗ ಮುಚ್ಚಿದರೆ ಒಳಗಿನ ಆವಿಯೇ ಅದನ್ನು ಮೆತ್ತಗೆ ಮಾಡುತ್ತದೆ. ಎಣ್ಣೆಗೆ ಅಕಸ್ಮಾತ್ ಬೆಂಕಿ ಹತ್ತಿದರೆ ನೀರು ಎರಚುವುದು ಅಪಾಯ. ಒಲೆ ಆರಿಸಿ, ಕಡಾಯಿಯ ಮೇಲೆ ಲೋಹದ ಮುಚ್ಚಳ ಹಾಕಬೇಕು.

ಅಡುಗೆಮನೆಯಲ್ಲಿ ತಕ್ಕಡಿ ಇದ್ದವರು ಇನ್ನೊಂದು ಹೆಜ್ಜೆ ಮುಂದೆ ಹೋಗಬಹುದು. ನೂರು ಗ್ರಾಂ ಬೇಳೆಯನ್ನು ಒಣಗಿದ್ದಾಗ, ನೆನೆದಾಗ, ಕರಿದು ಆರಿದಾಗ ಮೂರು ಸಲ ತೂಗಿ ಬರೆದಿಡಲಿ. ಇನ್ನೊಂದು ನೂರು ಗ್ರಾಂ ಬೇಳೆಯನ್ನು ಒಂದೇ ತಾಸು ನೆನೆಸಿ, ಮತ್ತೊಂದನ್ನು ಕೊಳವೆಬಾವಿಯ ನೀರಿನಲ್ಲಿ ನೆನೆಸಿ ಅದೇ ಲೆಕ್ಕ ತೆಗೆಯಲಿ. ಆರನೆಯ ತರಗತಿಯ ಮಗುವನ್ನು ಜತೆಗೆ ಕೂರಿಸಿಕೊಂಡರೆ ಇನ್ನೂ ಒಳ್ಳೆಯದು: ತೂಗುವುದು, ಬರೆಯುವುದು, ಕಚ್ಚಿ ನೋಡಿ ಅಂಕ ಕೊಡುವುದು ಅದರ ಕೆಲಸ, ಕಡಾಯಿಯ ಬಳಿ ನಿಲ್ಲುವುದು ಮಾತ್ರ ದೊಡ್ಡವರದು.